ಡೇಟನ್ ನಗರದಲ್ಲಿ ಕಂಡ ಚರ್ಮದ ಕೋಟುಗಳು

ಅಮೆರಿಕಕ್ಕೆ ಹೋದವರು ನಯಾಗರ ಜಲಪಾತವನ್ನೂ ನ್ಯೂಯಾರ್ಕ್ ನಗರದ ಗಗನಚುಂಬಿ ಸೌಧಗಳನ್ನೂ ನೋಡಿಬಂದು ವರ್ಣಿಸುವುದು ವಾಡಿಕೆ. ಓಹಾಯೋ ಸಂಸ್ಥಾನದ ಕೊಲಂಬಸ್ ನಗರದಲ್ಲಿರುವ ಮಗಳ ಮನೆಯಲ್ಲಿ ಎರಡು ತಿಂಗಳಿದ್ದು ಬಂದ ನಾವು, ಅವುಗಳನ್ನೆಲ್ಲ ಬಿಟ್ಟು, ಕೆಲವು ಹಳೆಯ ಚರ್ಮದ ಕೋಟುಗಳ ವಿಷಯವನ್ನು ಬರೆಯಹೊರಟಿರುವುದು ವಾಚಕರಿಗೆ ವಿಚಿತ್ರವಾಗಿ ತೋರಬಹುದು. ಆದುದರಿಂದ ಅದರ ಕಾರಣವನ್ನು ಮೊದಲೇ ನಿವೇದಿಸಿಬಿಡುತ್ತೇವೆ.

ನಾವು ಚಿಕ್ಕವರಾಗಿದ್ದಾಗ ಬೆಂಗಳೂರಿನ ನಮ್ಮ ಮನೆಯ ಹಿತ್ತಲ ಜಗುಲಿಯ ಗೂಟಕ್ಕೆ ಒಂದು ಚರ್ಮದ ಕೋಟು ತೂಗುಹಾಕಿರುತ್ತಿತ್ತು. ಚರ್ಮದ ವಸ್ತುವಾದುದರಿಂದ ಅದಕ್ಕೆ ನಡುಮನೆಯೊಳಗೆ ಪ್ರವೇಶವಿರಲಿಲ್ಲ. ಮಡಿಯಲ್ಲಿದ್ದ ಅಜ್ಜಿಯವರು ಅದರಿಂದ ಮಾರು ದೂರ ಸರಿದು ನಡೆಯುತ್ತಿದ್ದರು. ಕೋಟು ನಮ್ಮ ದೊಡ್ಡಪ್ಪನವರದು. ಯುದ್ಧಕಾಲದಲ್ಲಿ ಅವರು ಬೆಂಗಳೂರಿನ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನೊಡನೆ 1940ರ ಡಿಸೆಂಬರಿನಲ್ಲಿ ಸ್ಥಾಪಿಸಿದ ಈ ಕಾರ್ಖಾನೆಯು 1943ರಲ್ಲಿ ಅಮೆರಿಕದ ಸೇನಾ ವಿಮಾನದಳದ ಆಡಳಿತಕ್ಕೆ ಒಳಪಟ್ಟಿತು. ಬರ್ಮಾ ಮತ್ತು ಚೀನಾ ರಣರಂಗಗಳಲ್ಲಿ ದುಡಿದು ದಣಿದ ವಿಮಾನಗಳು ದುರಸ್ತಿಗಾಗಿ ಅಲ್ಲಿಗೆ ಬರುತ್ತಿದ್ದವು. ಯುದ್ಧ ಮುಗಿದು ತನ್ನ ಊರಿಗೆ ಹೊರಟ ಅಮೆರಿಕದ ಯುವಕನೊಬ್ಬನು ದೊಡ್ಡಪ್ಪನವರ ಕೈಗೆ ಆ ಕೋಟನ್ನಿತ್ತು ಹೋದನಂತೆ. ಅದರ ಒಳಪದರದ ಮೇಲೆ ಕಪ್ಪು ಮಸಿಯಲ್ಲಿ ಒಂದು ಇಂಗ್ಲಿಷ್ ಅಕ್ಷರವೂ ಅದರ ಮುಂದೆ ನಾಲ್ಕು ಅಂಕಿಗಳೂ ಇದ್ದವು. ಅದು ಅಗಸನ ಗುರುತೆಂದು ನಾವು ಮಕ್ಕಳೆಲ್ಲ ತಿಳಿದಿದ್ದೆವು.

ದೊಡ್ಡಪ್ಪನವರು ತೀರಿಕೊಂಡ ತರುವಾಯ ಆ ಕೋಟಿಗೆ ದಿಕ್ಕಿಲ್ಲದಂತಾಯಿತು. ಒಂದು ಮಳೆಗಾಲದಲ್ಲಿ ಅದಕ್ಕೆ ಬೂಷ್ಟು ಹಿಡಿಯಿತು. ಮನೆಯವರು ಒಳ್ಳೆಯದಾಗಲೆಂದೇ ಕೊಬ್ಬರಿ ಎಣ್ಣೆ ಸವರಿದರು. ಎಣ್ಣೆಯ ವಾಸನೆಗೆ ಇಲಿ ಬಂದು ತೋಳನ್ನು ಕಡಿಯಿತು. ಕಡೆಗೆ 1974ರಲ್ಲಿ, ಹಳೆಯ ಬಟ್ಟೆಗೆ ಪಾತ್ರೆ ಕೊಡುವವಳು ಬಾಗಿಲಿಗೆ ಬಂದಾಗ, ಎರಡು ಜರಿಯ ಸೀರೆಗಳ ಜೊತೆಗೆ ಆ ಕೋಟನ್ನೂ ಹಾಕಿ ಒಂದು ಸ್ಟೀಲಿನ ಡಬರಿಯನ್ನು ತೆಗೆದುಕೊಂಡುದಾಯಿತು. ಆ ಡಬರಿ ಇಂದಿಗೂ ನಮ್ಮ ಅಡುಗೆಮನೆಯಲ್ಲಿದೆ. ಬಹಳ ಒಳ್ಳೆಯ ವ್ಯಾಪಾರವಾಯಿತೆಂದು ಅಂದು ಎಲ್ಲರೂ ಸಂತೋಷಪಟ್ಟೆವು.

ಐವತ್ತು ವರ್ಷಗಳ ಮೇಲೆ ಆ ಕೋಟನ್ನು ನಮಗೆ ಮತ್ತೆ ನೆನಪಿಗೆ ತಂದವನು ಕಾಲೇಜಿನಲ್ಲಿ ಓದುತ್ತಿರುವ ನಮ್ಮ ಮೊಮ್ಮಗ. ರಜೆಯಲ್ಲಿ ದುಡಿದು ಕೂಡಿಟ್ಟ ಹಣದಿಂದ ಅವನು ಒಂದು ಹಳೆಯ ಚರ್ಮದ ಜಾಕೆಟ್ಟನ್ನು ಕೊಳ್ಳಬೇಕೆಂದು ನಿಶ್ಚಯಿಸಿದ್ದ. ಡೇಟನ್ ಹತ್ತಿರದ ಅಂಗಡಿಯೊಂದರಲ್ಲಿ ಅದು ಇದೆಯೆಂದೂ, ಎರಡನೆಯ ಮಹಾಯುದ್ಧದಲ್ಲಿ ಬಾಂಬು ವಿಮಾನದ ಸೈನಿಕನೊಬ್ಬನು ತೊಟ್ಟಿದ್ದುದೆಂದೂ, ಅದರ ಬೆನ್ನಿನ ಮೇಲೆ ಚಿತ್ರ ಬರೆದಿದೆಯೆಂದೂ ಹೇಳಿ, ಅದರ ಛಾಯಾಚಿತ್ರವನ್ನು ತೋರಿಸಿದ. ಬೆಲೆಯನ್ನು ಕೇಳಿ ಮಗಳು ಹೌಹಾರಿದಳು. ನಾವಾದರೋ ಬೆಲೆಯನ್ನು ಕೇಳಲಿಲ್ಲ. ಆ ಕಂದು ಬಣ್ಣ, ಆ ಕೊರಳಪಟ್ಟಿ, ಸೊಂಟದಲ್ಲಿ ಆ ಉಣ್ಣೆಯ ಹೆಣಿಗೆ ಎಲ್ಲವೂ ಹಿತ್ತಲ ಜಗುಲಿಯ ಗೂಟಕ್ಕೆ ತೂಗುತ್ತಿದ್ದ ಕೋಟಿನಂತೆಯೇ ಇದ್ದವು. "ಮೊದಲು ನಿಜವಾದುದು ಹೇಗಿರುತ್ತದೆಂದು ನೋಡಿ ಬರೋಣ, ಆಮೇಲೆ ಅಂಗಡಿಗೆ ಹೋಗೋಣ," ಎಂದೆವು. ಹೀಗೆ ಒಂದು ಶನಿವಾರ ಬೆಳಿಗ್ಗೆ ನಾವು, ನಮ್ಮ ಮನೆಯವರು ಮತ್ತು ಮೊಮ್ಮಗ ಮೋಟಾರಿನಲ್ಲಿ ಡೇಟನ್ನಿಗೆ ಹೊರಟೆವು.

ಕೊಲಂಬಸ್ಸಿನಿಂದ ಡೇಟನ್ ಪಶ್ಚಿಮಕ್ಕೆ ಸುಮಾರು 70 ಮೈಲಿ. ದಾರಿಯ ಇಕ್ಕೆಲಗಳಲ್ಲಿಯೂ ಮುಸುಕಿನ ಜೋಳದ ಹೊಲಗಳು. ನೆಲವು ಹಾಸಿದ ಚಾಪೆಯಂತೆ ಸಮತಟ್ಟು. ಊರು ಮಧ್ಯಮ ಗಾತ್ರದ್ದು. ಆದರೆ ಮನುಷ್ಯನು ಹಾರಲು ಕಲಿತ ಕಥೆಯಲ್ಲಿ ಇದಕ್ಕೆ ಅಗ್ರಸ್ಥಾನವಿದೆ. ವಿಲ್ಬರ್ ಮತ್ತು ಆರ್ವಿಲ್ ರೈಟ್ ಸಹೋದರರು ಇಲ್ಲಿಯೇ ಬೈಸಿಕಲ್ ಅಂಗಡಿಯನ್ನಿಟ್ಟುಕೊಂಡಿದ್ದರು. 1903ರ ಡಿಸೆಂಬರ್ 17ರಂದು ದೂರದ ಸಮುದ್ರತೀರದಲ್ಲಿ ಅವರ ಯಂತ್ರವು ಮೊದಲು ನೆಲ ಬಿಟ್ಟೇಳಿದಾಗ ಹಾರಿದುದು 12 ಸೆಕೆಂಡು, 120 ಅಡಿ ಮಾತ್ರ. ಅದನ್ನು ತಿರುಗಿಸುವುದನ್ನೂ ಬಹುಕಾಲ ಆಗಸದಲ್ಲಿ ನಿಲ್ಲಿಸುವುದನ್ನೂ ಅವರು ಕಲಿತುದು ಡೇಟನ್ನಿನ ಪಕ್ಕದ ಹಫ್‌ಮನ್ ಹುಲ್ಲುಗಾವಲಿನಲ್ಲಿ. 1905ರ ಅಕ್ಟೋಬರಿನಲ್ಲಿ ಅವರು ಅಲ್ಲಿ ಒಂದೇ ಸಲಕ್ಕೆ 24 ಮೈಲಿ ಹಾರಿದರು. ಆ ಸಹೋದರರು ಹಾರುವಾಗ ತೊಡುತ್ತಿದ್ದುದು ಅಂಗಡಿಯಲ್ಲಿ ತೊಡುತ್ತಿದ್ದ ಕೋಟು, ಕಾಲರು, ಟೈಗಳನ್ನೇ. ಕೆಲವು ಅಡಿಗಳ ಎತ್ತರಕ್ಕೆ ಅಷ್ಟು ಸಾಕಾಗಿತ್ತು.

ಎತ್ತರವು ಹೆಚ್ಚಿದಂತೆ ಉಡುಪೂ ಬದಲಾಗಬೇಕಾಯಿತು. ಆಗಿನ ವಿಮಾನಗಳಿಗೆ ಮಾಡಿರಲಿಲ್ಲ. ಗಂಟೆಗೆ ನೂರು ಮೈಲಿಯ ಗಾಳಿಯು ಉಣ್ಣೆಯ ಬಟ್ಟೆಯ ಎಳೆಗಳ ನಡುವೆ ನುಸುಳಿ ಮೈ ಕೊರೆಯುತ್ತಿತ್ತು. ಚರ್ಮವನ್ನು ತೂರಿಹೋಗಲು ಮಾತ್ರ ಅದರಿಂದಾಗುತ್ತಿರಲಿಲ್ಲ. ಇನ್ನೊಂದು ಕಾರಣವನ್ನು ಕೇಳಿದರೆ ನಮ್ಮ ವಾಚಕರು ನಕ್ಕಾರು. ಮೊದಲನೆಯ ಮಹಾಯುದ್ಧದ ಅನೇಕ ವಿಮಾನಗಳ ಸುತ್ತುವ ಯಂತ್ರಗಳಿಗೆ ನಮ್ಮ ಹರಳೆಣ್ಣೆಯನ್ನೇ ಹಾಕುತ್ತಿದ್ದರು. ಆ ಯಂತ್ರಗಳು ಎಣ್ಣೆಯನ್ನು ಹಿಂದಕ್ಕೆ ಎರಚುತ್ತಿದ್ದುದರಿಂದ ವೈಮಾನಿಕನಿಗೆ ಪ್ರತಿದಿನವೂ ಎಣ್ಣೆಯ ಅಭ್ಯಂಜನ! ಚರ್ಮದ ಕೋಟಾದರೆ ಒರಸಿಬಿಟ್ಟರೆ ಸಾಕು. ಹೀಗೆ ಅಂದಕ್ಕಾಗಿ ಹುಟ್ಟದೆ ಅವಶ್ಯಕತೆಯಿಂದ ಹುಟ್ಟಿದ ಉಡುಪು ಇದು. ಇದರ ಅಂದದ ಗುಟ್ಟೂ ಅಲ್ಲಿಯೇ ಇದೆಯೆಂದು ನಮಗೆ ತೋರುತ್ತದೆ.

ಡೇಟನ್ನಿಗೂ ಈ ಉಡುಪಿಗೂ ನಿಕಟವಾದ ಸಂಬಂಧವುಂಟು. ಅಮೆರಿಕದ ಸೇನೆಯು ವಿಮಾನಗಳನ್ನೂ ವೈಮಾನಿಕರ ಸಲಕರಣೆಗಳನ್ನೂ ಪರೀಕ್ಷಿಸುತ್ತಿದ್ದುದು ಇಲ್ಲಿನ ಮೆಕುಕ್ ಮೈದಾನದಲ್ಲಿ, 1927ರಿಂದೀಚೆಗೆ ರೈಟ್ ಮೈದಾನದಲ್ಲಿ. ಲೆಸ್ಲಿ ಇರ್ವಿನ್ ಎಂಬಾತನು 1919ರ ಏಪ್ರಿಲ್ 28ರಂದು ವಿಮಾನದಿಂದ ಹಾರಿ, ಬೀಳುತ್ತಿರುವಾಗಲೇ ತನ್ನ ಕೈಯಿಂದ ಪ್ಯಾರಾಶೂಟನ್ನು ಬಿಚ್ಚಿಕೊಂಡು ಇಳಿದುದು ಈ ಮೆಕುಕ್ ಮೈದಾನದಲ್ಲಿಯೇ. ಮುಂದೆ ಇಂಗ್ಲೆಂಡಿಗೆ ಹೋಗಿ ಲೆಚ್‌ವರ್ತ್ ಎಂಬ ಊರಿನಲ್ಲಿ ಕಾರ್ಖಾನೆಯನ್ನು ತೆರೆದ ಇರ್ವಿನ್, ಉಣ್ಣೆಯನ್ನು ಒಳಮೈಗೆ ಬಿಟ್ಟ ಕುರಿದೊಗಲಿನ ಜಾಕೆಟ್ಟೊಂದನ್ನು ರೂಪಿಸಿದ. 1940ರಲ್ಲಿ ಬ್ರಿಟನ್ನಿನ ಆಗಸವನ್ನು ಕಾದ ವೈಮಾನಿಕರು ಅನೇಕರು ತೊಟ್ಟಿದ್ದುದು ಆತನ ಹೆಸರಿನ ಆ ಜಾಕೆಟ್ಟನ್ನು.

ಅಮೆರಿಕದ ವಾಯುಸೇನೆಯ ವಸ್ತುಸಂಗ್ರಹಾಲಯವು ಊರ ಹೊರಗಿದೆ. 1923ರಲ್ಲಿ ಸಣ್ಣದಾಗಿ ಆರಂಭವಾದ ಈ ಸಂಸ್ಥೆಯಲ್ಲಿ ಈಗ 350ಕ್ಕೂ ಹೆಚ್ಚು ವಿಮಾನಗಳೂ ಕ್ಷಿಪಣಿಗಳೂ ಇವೆ. ಪ್ರವೇಶಕ್ಕೆ ಶುಲ್ಕವಿಲ್ಲ. ಒಂದೊಂದು ಕಟ್ಟಡವೂ ನಮ್ಮ ದೊಡ್ಡ ರೈಲು ನಿಲ್ದಾಣಗಳ ಛಾವಣಿಯನ್ನು ನಾಲ್ಕು ಪಾಲು ಹಿಗ್ಗಿಸಿದಂತೆ. ಇಂಥ ನಾಲ್ಕು ಕಟ್ಟಡಗಳನ್ನು ಸುತ್ತಿ ಬರುವಷ್ಟರಲ್ಲಿ ನಮ್ಮಂಥ ವಯಸ್ಸಾದವರ ಮೊಣಕಾಲು ಮಾತನಾಡತೊಡಗುತ್ತದೆ. ನಾವು ನೇರವಾಗಿ ಎರಡನೆಯ ಮಹಾಯುದ್ಧದ ವಿಭಾಗಕ್ಕೆ ಹೋದೆವು. ಅಲ್ಲಿ ಗಾಜಿನ ಹಿಂದೆ ಜಾಕೆಟ್ಟುಗಳಿದ್ದವು.

ಇವುಗಳಲ್ಲಿ ಪ್ರಸಿದ್ಧವಾದುದು ಎ-2 ಎಂಬ ಹೆಸರಿನದು. 1927ರ ಎ-1 ಜಾಕೆಟ್ಟಿಗೆ ಗುಂಡಿಗಳಿದ್ದವು. 1931ರಲ್ಲಿ ಸೇನೆಯು ಅಂಗೀಕರಿಸಿದ ಎ-2ಗೆ ಜಿಪ್ಪು ಬಂದಿತು. ಗಾಳಿಗೆ ಎದ್ದು ಮುಖಕ್ಕೆ ಬಡಿಯದಂತೆ ಕೊರಳಪಟ್ಟಿಯನ್ನು ಒತ್ತುಗುಂಡಿಗಳಿಂದ ಬಿಗಿಯಬಹುದು. ಮುಂಗೈಯಲ್ಲಿಯೂ ಸೊಂಟದಲ್ಲಿಯೂ ಉಣ್ಣೆಯ ಹೆಣಿಗೆ. ಎದೆಯ ಕೆಳಗೆ ಮುಚ್ಚಳವಿರುವ ಎರಡು ಕಿಸೆಗಳು. ಭುಜದ ಮೇಲೆ ಪಟ್ಟಿಗಳು. ಅನಾವಶ್ಯಕವಾದುದು ಒಂದೂ ಇಲ್ಲ. ಚರ್ಮವು ಹೆಚ್ಚಾಗಿ ಕುದುರೆಯದು, ಕೆಲವೆಡೆ ಆಡಿನದು. ಕುದುರೆಯ ಚರ್ಮವು ಮೊದಲು ಬಿರುಸಾಗಿದ್ದು, ತೊಟ್ಟಂತೆ ತೊಟ್ಟಂತೆ ತೊಟ್ಟವನ ಮೊಣಕೈಯ ಮಡಿಕೆಯನ್ನೂ ಹೆಗಲಿನ ಇಳುಕಲನ್ನೂ ಕಲಿತುಕೊಳ್ಳುತ್ತದೆ. ಗಾಜಿನ ಹಿಂದೆ ತೂಗುತ್ತಿದ್ದ ಜಾಕೆಟ್ಟುಗಳಲ್ಲಿ ಒಂದರಂತೆ ಒಂದಿರಲಿಲ್ಲ. ಮನುಷ್ಯನು ಹೋಗಿ ಎಂಬತ್ತು ವರ್ಷಗಳಾದರೂ ಅವನ ತೋಳು ಮಡಚಿದ ಗುರುತು ಉಳಿದಿತ್ತು.

ಅತಿ ಎತ್ತರದ ಚಳಿಗೆ ಎ-2 ಒಂದೇ ಸಾಲದು. ನೆಲದಿಂದ ಸಾವಿರ ಅಡಿ ಏರಿದಂತೆ ಉಷ್ಣವು ಸುಮಾರು 2 ಡಿಗ್ರಿ ಸೆಂಟಿಗ್ರೇಡಿನಂತೆ ಇಳಿಯುತ್ತದೆ. 25,000 ಅಡಿಗಳಲ್ಲಿ ಅದು ಸೊನ್ನೆಗಿಂತ 35 ಡಿಗ್ರಿಯಷ್ಟು ಕೆಳಗಿರುತ್ತದೆಯೆಂದು ಮನೆಯಲ್ಲಿಯೇ ಲೆಕ್ಕ ಹಾಕಬಹುದು. ಬಿ-17 ಎಂಬ ಬಾಂಬು ವಿಮಾನದ ನಡುಭಾಗದ ಬಂದೂಕುಗಾರರು ತೆರೆದ ಕಿಟಕಿಗಳ ಮುಂದೆ ಗಂಟೆಗಟ್ಟಲೆ ನಿಲ್ಲಬೇಕಾಗಿತ್ತು. ಅವರಿಗೆಂದು ಬಿ-3 ಎಂಬ ದಪ್ಪನೆಯ ಕುರಿದೊಗಲಿನ ಜಾಕೆಟ್ಟೂ, ಮುಂದೆ ವಿದ್ಯುತ್ತಿನಿಂದ ಕಾಯುವ ಉಡುಪೂ ಬಂದವು. ಕೈಗವಸನ್ನು ತೆಗೆದು ಲೋಹವನ್ನು ಮುಟ್ಟಿದರೆ ಚರ್ಮವು ಅದಕ್ಕೆ ಅಂಟಿಕೊಂಡು ಕಿತ್ತುಬರುತ್ತಿತ್ತು. ಇಂಗ್ಲೆಂಡಿನಲ್ಲಿ ನೆಲೆಸಿದ್ದ ಅಮೆರಿಕದ ಬಾಂಬು ದಳದಲ್ಲಿ ಮೊದಲ ವರ್ಷ ಶತ್ರುವಿನ ಗುಂಡಿಗಿಂತ ಚಳಿಯಿಂದ ಪೆಟ್ಟಾದವರೇ ಹೆಚ್ಚು. ಎ-2 ಜಾಕೆಟ್ಟು ಆ ಚಳಿಯಲ್ಲಿ ಒಳಪದರಗಳಲ್ಲೊಂದಾಗಿ ನೆರವಾಗುತ್ತಿತ್ತು. ಆದರೆ ಹುಡುಗರು ಅದನ್ನು ಪ್ರೀತಿಸಿದುದು ಬೆಚ್ಚಗಿರುವುದಕ್ಕಾಗಿ ಮಾತ್ರವಲ್ಲ. ಆಗಸಕ್ಕೆ ಹೋಗಿ ಬರುವವನೆಂಬ ಗುರುತು ಅದು.

ಆ ಗುರುತಿನ ಮೇಲೆ ಅವರು ಚಿತ್ರಗಳನ್ನೂ ಬರೆಸಿಕೊಂಡರು. ವಿಮಾನದ ಹೆಸರು, ಒಬ್ಬ ಹೆಣ್ಣು, ಒಂದು ನಾಯಿ, ಒಂದು ಹಾಸ್ಯಚಿತ್ರ. ಕೆಳಗೆ ಸಾಲಾಗಿ ಸಣ್ಣ ಬಾಂಬುಗಳು. ಒಂದು ಬಾಂಬೆಂದರೆ ಒಂದು ಸಲ ಹೋಗಿ ಜೀವಸಹಿತ ಬಂದುದರ ಲೆಕ್ಕ. 1943ರ ಆರಂಭದಲ್ಲಿ 25 ಸಲ ಹೋಗಿಬಂದವನಿಗೆ ಮನೆಗೆ ಹಿಂದಿರುಗಲು ಅಪ್ಪಣೆ. ಮುಂದೆ ಅದು 30, 35 ಎಂದು ಬೆಳೆಯಿತು. ಅದೇ ವಿಭಾಗದಲ್ಲಿ 'ಮೆಂಫಿಸ್ ಬೆಲ್' ಎಂಬ ಬಿ-17 ವಿಮಾನವಿದೆ. ಅದರ ತಂಡವು 1943ರ ಮೇ 17ರಂದು ತನ್ನ 25ನೆಯ ಯಾತ್ರೆಯನ್ನು ಮುಗಿಸಿತು; ಸರಿಯಾಗಿ 75 ವರ್ಷಗಳ ತರುವಾಯ, 2018ರ ಮೇ 17ರಂದು, ವಿಮಾನವು ಇಲ್ಲಿ ಪ್ರದರ್ಶನಕ್ಕೆ ಬಂದಿತು. ಅದರ ಹತ್ತು ಜನರ ತಂಡವು ವಿಮಾನದ ಮುಂದೆ ನಿಂತು ನಗುತ್ತಿರುವ ಛಾಯಾಚಿತ್ರವು ಲೋಕಪ್ರಸಿದ್ಧವಾಗಿದೆ. ಆದರೆ ಅವರ ದಳದಲ್ಲಿ ಯುದ್ಧ ಮುಗಿಯುವಷ್ಟರಲ್ಲಿ ಮಡಿದವರು 26,000ಕ್ಕೂ ಹೆಚ್ಚು. ಅರ್ಧ ಸಾಲು ಬಾಂಬು ಬರೆದು ನಿಂತುಹೋದ ಜಾಕೆಟ್ಟುಗಳು ಎಷ್ಟಿದ್ದುವೋ!

ನಮ್ಮ ಮನೆಯವರು ಆ ಸಾಲುಗಳನ್ನು ಬಹಳ ಹೊತ್ತು ನೋಡುತ್ತ ನಿಂತಿದ್ದರು. ಕಡೆಗೆ, "ಎಷ್ಟು ಮುದ್ದಾಗಿ ಬರೆದಿದ್ದಾರೆ! ಹೋದವರು ಬಂದ ಲೆಕ್ಕ ಇಲ್ಲಿದೆ. ಕೆಳಗಿದ್ದವರ ಲೆಕ್ಕವನ್ನು ಯಾರು ಬರೆದರು?" ಎಂದರು. ನಮ್ಮಲ್ಲಿ ಅದಕ್ಕೆ ಉತ್ತರವಿರಲಿಲ್ಲ. 1945ರ ಆಗಸ್ಟ್ 9ರಂದು ನಾಗಸಾಕಿಯ ಮೇಲೆ ಪರಮಾಣು ಬಾಂಬನ್ನು ಹಾಕಿದ 'ಬಾಕ್ಸ್‌ಕಾರ್' ವಿಮಾನವೂ ಇದೇ ಸಂಗ್ರಹಾಲಯದಲ್ಲಿದೆ. ಅದರ ಬೆಳ್ಳಿಯ ಮೈಯ ಮುಂದೆ ಮೊಮ್ಮಗನೂ ಮಾತನಾಡಲಿಲ್ಲ. ಈ ಜಾಕೆಟ್ಟುಗಳನ್ನು ಮೆಚ್ಚುವವರು ಇದನ್ನು ಮರೆತು ಮೆಚ್ಚಬಾರದು. ತೊಟ್ಟವರು ಇಪ್ಪತ್ತು ಇಪ್ಪತ್ತೆರಡರ ಹುಡುಗರು, ನಮ್ಮ ಮೊಮ್ಮಗನ ವಯಸ್ಸಿನವರು. ಅವರ ಧೈರ್ಯವೂ ನಿಜ. ಕೆಳಗಿನ ಮನೆಗಳ ಬೆಂಕಿಯೂ ನಿಜ.

ಚೀನಾ-ಬರ್ಮಾ-ಭಾರತ ರಣರಂಗದ ಜಾಕೆಟ್ಟುಗಳ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಅವುಗಳ ತೋಳಿನ ಮೇಲೆ ಗುರಾಣಿಯ ಆಕಾರದ ಲಾಂಛನವೊಂದಿರುತ್ತದೆ: ಮೇಲೆ ಚೀನಾದ ಸೂರ್ಯ ಮತ್ತು ಭಾರತದ ನಕ್ಷತ್ರ, ಕೆಳಗೆ ಕೆಂಪು ಬಿಳುಪಿನ ಪಟ್ಟೆಗಳು. ಇಂಥ ಲಾಂಛನಗಳಲ್ಲಿ ಹಲವನ್ನು ಬಣ್ಣಬಣ್ಣದ ಚರ್ಮದ ತುಂಡುಗಳಿಂದ ಜೋಡಿಸಿ ಹೊಲಿದವರು ನಮ್ಮ ದೇಶದ ಕುಶಲಕರ್ಮಿಗಳೇ. ಇಂದು ಸಂಗ್ರಾಹಕರು ಅವುಗಳನ್ನು ಬಹಳ ಬೆಲೆಯುಳ್ಳವೆಂದು ಹುಡುಕುತ್ತಾರೆ. ಹೊಲಿದ ಕೈಯ ಹೆಸರು ಯಾರಿಗೂ ತಿಳಿಯದು. ಇನ್ನು ಕೆಲವು ಜಾಕೆಟ್ಟುಗಳ ಬೆನ್ನಿಗೋ ಒಳಪದರಕ್ಕೋ ಬಟ್ಟೆಯ ತುಂಡೊಂದನ್ನು ಹೊಲಿದಿರುತ್ತಾರೆ. ಅದರಲ್ಲಿ ಚೀನಾದ ಬಾವುಟವೂ, ಈ ಪರದೇಶಿಯು ನಮ್ಮ ಯುದ್ಧಕ್ಕೆ ನೆರವಾಗಲು ಬಂದವನು, ಸೈನಿಕರೂ ಪ್ರಜೆಗಳೂ ಇವನನ್ನು ಕಾಪಾಡಬೇಕೆಂಬ ಅರ್ಥದ ಚೀನೀ ಬರಹವೂ ಇರುತ್ತವೆ. ಇದರ ಇಂಗ್ಲಿಷ್ ಹೆಸರು 'ಬ್ಲಡ್ ಚಿಟ್'. ಈ 'ಚಿಟ್' ಎಂಬ ಮಾತು ಇಂಗ್ಲಿಷರು ನಮ್ಮ ದೇಶದಿಂದ ಒಯ್ದ ಚೀಟಿಯೇ! ಶೆನಾಲ್ಟ್ ಎಂಬ ಸೇನಾನಿಯ 'ಹಾರುವ ಹುಲಿ'ಗಳೆಂಬ ಸ್ವಯಂಸೇವಕ ವೈಮಾನಿಕರಿಂದ ಇದು ಹೆಸರುವಾಸಿಯಾಯಿತು. ಆ ದಳದ ವಿಮಾನಗಳನ್ನು ಜೋಡಿಸಿಕೊಟ್ಟ ಕಂಪೆನಿಯ ವಿಲಿಯಂ ಪಾಲಿ ಎಂಬವರೇ ವಾಲ್‌ಚಂದರೊಡನೆ ನಮ್ಮ ಬೆಂಗಳೂರಿನ ಕಾರ್ಖಾನೆಯ ಸ್ಥಾಪನೆಗೂ ಕೈಗೂಡಿಸಿದವರು. ಬರ್ಮಾ ರಸ್ತೆ ಮುಚ್ಚಿಹೋದ ಮೇಲೆ, 1942ರಿಂದ 1945ರವರೆಗೆ, ಅಸ್ಸಾಮಿನಿಂದ ಹಿಮಾಲಯದ ಪೂರ್ವಶ್ರೇಣಿಗಳನ್ನು ದಾಟಿ ಚೀನಾಕ್ಕೆ ವಿಮಾನಗಳು ಸುಮಾರು 6,50,000 ಟನ್ ಸಾಮಗ್ರಿಯನ್ನು ಸಾಗಿಸಿದವು. ಮೋಡದಲ್ಲಿ ದಾರಿತಪ್ಪಿ ಬೆಟ್ಟಕ್ಕೆ ಬಡಿದವು ನೂರಾರು. ದೊಡ್ಡಪ್ಪನವರ ಕಾರ್ಖಾನೆಗೆ ಬರುತ್ತಿದ್ದ ವಿಮಾನಗಳು ಈ ರಣರಂಗದವು.

ಒಂದು ಜಾಕೆಟ್ಟಿನ ಒಳಪದರವು ಕಾಣುವಂತೆ ಮುಂಭಾಗವನ್ನು ತುಸು ತೆರೆದಿಟ್ಟಿದ್ದರು. ಅಲ್ಲಿ ಮಸಿಯಲ್ಲಿ ಒಂದು ಅಕ್ಷರ, ನಾಲ್ಕು ಅಂಕಿ. ನಾವು ಬೆಚ್ಚಿ ಮೊಮ್ಮಗನ ತೋಳನ್ನು ಹಿಡಿದೆವು. ಅವನು, "ತಾತ, ಅದು ಅಗಸನ ಗುರುತೇ ಹೌದು. ಆದರೆ ಸೈನ್ಯದಲ್ಲಿ ಅದಕ್ಕೊಂದು ನಿಯಮವಿತ್ತು. ಕುಲನಾಮದ ಮೊದಲ ಅಕ್ಷರ, ಅವನ ಸೇವಾಸಂಖ್ಯೆಯ ಕಡೆಯ ನಾಲ್ಕು ಅಂಕಿ. ಅದರಿಂದ ಮನುಷ್ಯನನ್ನೇ ಹುಡುಕಬಹುದು," ಎಂದ. ದೊಡ್ಡಪ್ಪನವರ ಕೋಟಿನ ಅಕ್ಷರ 'ಎಚ್' ಎಂಬುದು ನಮಗೆ ನೆನಪಿದೆ. ಅಂಕಿಗಳು ನೆನಪಿಲ್ಲ. ದಿನವೂ ಕಣ್ಣಮುಂದಿದ್ದುದನ್ನು ಒಂದು ಸಲವಾದರೂ ಕಾಗದದ ಮೇಲೆ ಬರೆದುಕೊಂಡಿದ್ದರೆ, ಈ ದೇಶದ ಯಾವುದೋ ಮನೆಗೆ ನಾವು ಇಂದು ಸುದ್ದಿ ಮುಟ್ಟಿಸಬಹುದಾಗಿತ್ತು.

ಮಧ್ಯಾಹ್ನ ಅಂಗಡಿಗೆ ಹೋದೆವು. 1943ರಲ್ಲಿ ಸೇನೆಯು ಚರ್ಮವನ್ನು ಬಿಟ್ಟು ಬಟ್ಟೆಯ ಜಾಕೆಟ್ಟುಗಳ ಕಡೆಗೆ ತಿರುಗಿದುದರಿಂದ ನಿಜವಾದ ಯುದ್ಧಕಾಲದ ಎ-2 ಇಂದು ವಿರಳ. 1988ರಲ್ಲಿ ಅಮೆರಿಕದ ವಾಯುಸೇನೆಯು ಅದನ್ನು ಆಡಿನ ಚರ್ಮದಲ್ಲಿ ಮತ್ತೆ ಆರಂಭಿಸಿತು; ಇಂಗ್ಲೆಂಡ್, ಜಪಾನ್ ಮೊದಲಾದೆಡೆ ಹಳೆಯ ಮಾದರಿಯನ್ನು ಹೊಲಿಗೆಗೆ ಹೊಲಿಗೆ ಅನುಸರಿಸಿ ಹೊಸದನ್ನು ಮಾಡುವವರೂ ಇದ್ದಾರೆ. ಹೊಸದೆಂದು ಹೇಳಿ ಮಾರಿದರೆ ಅದರಲ್ಲಿ ದೋಷವಿಲ್ಲ. ಆದರೆ ಬೆನ್ನಿನ ಮೇಲೆ ಚಿತ್ರವಿದ್ದರೆ ಬೆಲೆ ಹಲವು ಪಟ್ಟು ಏರುವುದರಿಂದ, ನಿಜವಾದ ಹಳೆಯ ಜಾಕೆಟ್ಟಿನ ಮೇಲೆ ಇತ್ತೀಚೆಗೆ ಚಿತ್ರ ಬರೆಯುವ ಮೋಸವೂ ಹುಟ್ಟಿಕೊಂಡಿದೆ.

ಅಂಗಡಿಯವನು ತಂದು ಹರಡಿದ ಜಾಕೆಟ್ಟಿನ ಮೇಲೆ ಈಜುಡುಗೆಯ ಸುಂದರಿಯೊಬ್ಬಳೂ 35 ಬಾಂಬುಗಳೂ ಇದ್ದವು. ಮೊಮ್ಮಗನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಚರ್ಮವು ಮುಪ್ಪಿನಿಂದ ಬಿರಿದಾಗ ಮೇಲಿನ ಬಣ್ಣವೂ ಅದರೊಡನೆ ಬಿರಿಯಬೇಕು. ಇಲ್ಲಿಯಾದರೋ ಬಣ್ಣವು ಬಿರುಕಿನೊಳಕ್ಕೆ ಇಳಿದು ತುಂಬಿಕೊಂಡಿತ್ತು. ಎಂದರೆ ಚರ್ಮ ಬಿರಿದ ಮೇಲೆ ಬರೆದುದು. ಹೋಗದ 35 ಯಾತ್ರೆಗಳ ಲೆಕ್ಕ! ಸತ್ತವರ ಹೆಸರಿನಲ್ಲಿ ಸುಳ್ಳು ಪತ್ರ ಬರೆದಂತೆ ಇದು. ಅವನು ಏನೂ ಹೇಳದೆ ಅದನ್ನು ಮಡಿಸಿ ಹಿಂದಿರುಗಿಸಿದ.

ಮೂಲೆಯ ಸಾಲಿನಲ್ಲಿ ಇನ್ನೊಂದು ಎ-2 ಇತ್ತು. ಚಿತ್ರವಿಲ್ಲ, ಒಂದು ಮುಂಗೈಯ ಹೆಣಿಗೆಯನ್ನು ನುಸಿ ತಿಂದಿತ್ತು, ಜಿಪ್ಪು ಅರ್ಧಕ್ಕೆ ನಿಲ್ಲುತ್ತಿತ್ತು. ಎಡ ಎದೆಯ ಮೇಲಿನ ಚರ್ಮದ ಪಟ್ಟಿಯಲ್ಲಿ ಒಂದು ಹೆಸರು ಸವೆದು ಸವೆದು ಕಾಣುತ್ತಿತ್ತು. ಒಳಗೆ ಮಸಿಯ ಅಕ್ಷರವು ಆ ಹೆಸರಿನ ಮೊದಲ ಅಕ್ಷರಕ್ಕೆ ಸರಿಹೊಂದಿತು. ಮುಂದೆ ನಾಲ್ಕು ಅಂಕಿಗಳೂ ಸ್ಪಷ್ಟವಾಗಿದ್ದವು. ಬೆಲೆಯು ಮೊದಲಿನದರ ಮೂರನೆಯ ಒಂದು ಪಾಲೂ ಇರಲಿಲ್ಲ. ಅವನು ಅದನ್ನು ಕೊಂಡ. ಮೋಟಾರಿನಲ್ಲಿ ಅದನ್ನು ತೊಡಲಿಲ್ಲ. ಮೊಣಕಾಲ ಮೇಲಿಟ್ಟುಕೊಂಡು ಕುಳಿತಿದ್ದ. "ತೊಟ್ಟು ನೋಡೋ," ಎಂದು ಅಜ್ಜಿ ಹೇಳಿದಾಗ, "ಮೊದಲು ಇವರ ಮನೆಯವರು ಯಾರಾದರೂ ಇದ್ದಾರೋ ನೋಡುತ್ತೇನೆ, ಅಜ್ಜಿ. ಅವರು ಬೇಡವೆಂದರೆ ತೊಡುತ್ತೇನೆ," ಎಂದ. ನಾವು ಊರಿಗೆ ಹೊರಡುವಾಗ ಅವನ ಪತ್ರಗಳಿಗೆ ಇನ್ನೂ ಉತ್ತರ ಬಂದಿರಲಿಲ್ಲ.

ಇಂಥ ವಸ್ತುಗಳುಳ್ಳ ಗೃಹಸ್ಥರಿಗೆ ನಮ್ಮ ಅನುಭವದಿಂದ ಒಂದೆರಡು ಮಾತು. ಚರ್ಮದ ಉಡುಪಿಗೆ ತಲೆಗೆ ಹಚ್ಚುವ ಎಣ್ಣೆಯನ್ನು ಸವರಬಾರದು. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯದೆ, ತಂತಿಯ ಹ್ಯಾಂಗರಿಗೆ ತೂಗಿಸದೆ, ಅಗಲವಾದ ಮರದ ಹ್ಯಾಂಗರಿಗೆ ಹಾಕಿ ಹಳೆಯ ಹತ್ತಿಬಟ್ಟೆಯ ಮುಸುಕು ಹೊದಿಸಬೇಕು. ಬಿಸಿಲೂ ತೇವವೂ ತಾಕದೆ ಗಾಳಿಯಾಡುವೆಡೆಯಲ್ಲಿ ಇಡಬೇಕು. ಹರಿದ ಹೆಣಿಗೆಯನ್ನು ಹೊಸದು ಮಾಡಿಸುವ ಮುನ್ನ ನಾಲ್ಕು ಸಲ ಯೋಚಿಸಬೇಕು. ಎಲ್ಲಕ್ಕೂ ಮೊದಲು, ಅದು ಯಾರದು, ಎಲ್ಲಿಂದ ಬಂದಿತು, ಅದರ ಮೇಲೆ ಏನು ಬರೆದಿದೆ ಎಂಬುದನ್ನು ಒಂದು ಕಾಗದದಲ್ಲಿ ಬರೆದು ಅದರ ಕಿಸೆಯಲ್ಲಿಡಬೇಕು. ಹೆಸರು ಹೋದರೆ ಉಳಿಯುವುದು ಬರಿಯ ತೊಗಲು.

ಊರಿಗೆ ಬಂದ ಮರುದಿನ ಅಕ್ಕಿ ತೊಳೆಯಲು ನಮ್ಮ ಮನೆಯವರು ಆ ಹಳೆಯ ಡಬರಿಯನ್ನೇ ತೆಗೆದರು. ನಾವು ನೋಡುತ್ತಿದ್ದುದನ್ನು ಕಂಡು ಅವರೂ ಕ್ಷಣಕಾಲ ಸುಮ್ಮನಾದರು. ಆ ಸಂಜೆ ನಾವು ಒಂದು ಪುಸ್ತಕದಲ್ಲಿ ದೊಡ್ಡಪ್ಪನವರ ಕೋಟಿನ ವಿಷಯವಾಗಿ ನೆನಪಿದ್ದುದನ್ನೆಲ್ಲ ಬರೆದಿಟ್ಟೆವು. 'ಎಚ್' ಎಂಬ ಅಕ್ಷರವನ್ನು ಬರೆದು, ಅದರ ಮುಂದೆ ನಾಲ್ಕು ಅಂಕಿಗಳ ಜಾಗವನ್ನು ಖಾಲಿ ಬಿಟ್ಟೆವು.